ಉಪ್ಪಿನ ಲೆಕ್ಕದಲ್ಲಿ ಉತ್ತರ ಅರ್ಧ ಬಂದಿದ್ದು ಯಾಕೆ?

1 ಕೆಜಿ ನೀರಿಗೆ 10 ಗ್ರಾಂ ಉಪ್ಪು ಹಾಕಿದರೆ ಕುದಿಯುವ ಬಿಂದು ಎಷ್ಟು ಏರುತ್ತದೆ ಅನ್ನೋ ಲೆಕ್ಕದಲ್ಲಿ ನಿಮಗೆ 0.09 ಡಿಗ್ರಿ ಬಂತು, ಪುಸ್ತಕದಲ್ಲಿ 0.18 ಇದೆ ಅಂದಿದ್ದೀರಿ. ನೀವು ಮಾಡಿದ್ದೇನೂ ತಪ್ಪಲ್ಲ. 10ನ್ನು 58.5ರಿಂದ (ಒಂದು ಮೋಲ್ ಉಪ್ಪಿನ ತೂಕ, ಗ್ರಾಂಗಳಲ್ಲಿ) ಭಾಗಿಸಿದರೆ 0.171 ಮೋಲ್. ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ. ಅದನ್ನು 0.52ರಿಂದ (1 ಕೆಜಿ ನೀರಿನಲ್ಲಿ ಒಂದು ಮೋಲ್ ಕಣ ಕರಗಿದರೆ ಕುದಿಯುವ ಬಿಂದು ಏರುವಷ್ಟು ಡಿಗ್ರಿ) ಗುಣಿಸಿದರೆ 0.089. ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೀರಿ, ಅಷ್ಟೆ.

ಇಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಕಣ ಅನ್ನೋದು, ಯಾವ ಕಣ ಅನ್ನೋದಲ್ಲ. ಸಕ್ಕರೆಯ ಅಣು ನೀರಿನಲ್ಲಿ ಕರಗಿದರೂ ಇಡಿಯಾಗೇ ಇರುತ್ತದೆ. ಉಪ್ಪು ಹಾಗಲ್ಲ. ಒಂದು ಸೋಡಿಯಂ, ಒಂದು ಕ್ಲೋರೈಡ್ ಅಂತ ಎರಡು ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರುವ ಕಣಗಳಾಗಿ, ಬೇರೆಯಾಗುತ್ತದೆ. ಅದಕ್ಕೇ 0.089ನ್ನು 2ರಿಂದ ಗುಣಿಸಬೇಕು, ಆಗ ಪುಸ್ತಕದ 0.18 ಬರುತ್ತದೆ. ಕರಗಿದಾಗ ಒಂದು ಎಷ್ಟು ಕಣ ಆಗುತ್ತದೆ ಅನ್ನೋ ಈ ಸಂಖ್ಯೆಯೇ ವ್ಯಾಂಟ್ ಹಾಫ್ ಅಂಶ. ಕ್ಯಾಲ್ಸಿಯಂ ಕ್ಲೋರೈಡ್ ಆದರೆ 3, ಒಂದು ಕ್ಯಾಲ್ಸಿಯಂ, ಎರಡು ಕ್ಲೋರೈಡ್. ನಿಜವಾಗಿ ಅಳೆದರೆ ಉಪ್ಪಿಗೆ 2ಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ, ಅಯಾನುಗಳು ಒಂದನ್ನೊಂದು ಸೆಳೆಯುತ್ತವಲ್ವಾ. ಪರೀಕ್ಷೆಗೆ ಸುಮ್ನೆ 2 ಹಾಕಿ.

ಇನ್ನು, ಉಪ್ಪು ಹಾಕಿದರೆ ಅನ್ನ ಬೇಗ ಬೇಯುತ್ತದಾ ಅಂತಲೂ ಕೇಳಿದ್ದೀರಿ. ಇಲ್ಲ. 0.18 ಡಿಗ್ರಿ ಯಾವ ಲೆಕ್ಕ? ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಬೇಗ ಆಗಬೇಕಂದ್ರೆ ಕುಕ್ಕರ್ ಇಡಿ, ಅದರೊಳಗೆ 120ರ ಹತ್ತಿರ ಹೋಗುತ್ತದೆ.