ಜವಾರಿ ಕೋಳಿಯಿಂದ ನೀಲಿ, ಹಸಿರು ತತ್ತಿ ಪಡೆಯುವುದು ಹೇಗೆ?

ಸಿಂಧನೂರಿನ ಹತ್ತಿರ ನಿಮ್ಮ ಹಿತ್ತಲಲ್ಲಿ ಹತ್ತು ಜವಾರಿ ಹೇಂಟೆ ಇವೆ. ವಿಡಿಯೋದಲ್ಲಿ ನೀಲಿ, ಹಸಿರು ತತ್ತಿ ನೋಡಿದ್ದೀರಿ. ಏನು ತಿನ್ನಿಸಿದರೆ ಆ ಬಣ್ಣ ಬರುತ್ತದೆ, ಇಲ್ಲಾ ಇವನ್ನೆಲ್ಲ ಮಾರಿ ಹೊಸ ತಳಿ ತರಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹೇಂಟೆಗಳನ್ನು ಹಾಗೇ ಇಟ್ಟುಕೊಳ್ಳಿ. ಒಂದು ಸರಿಯಾದ ಹುಂಜ ತನ್ನಿ. ನಾನು ಕುಷ್ಟಗಿ ತಾಲ್ಲೂಕಿನವನು, ನಾಲ್ಕು ವರ್ಷದಿಂದ ಇದೇ ಕೆಲಸದ ಹಿಂದೆ ಬಿದ್ದಿದ್ದೇನೆ. ಕಲಿತದ್ದನ್ನು ಹೇಳುತ್ತೇನೆ.

ಚಿಪ್ಪಿನ ಬಣ್ಣ ಬರುವುದು ತಳಿಯಿಂದ, ಮೇವಿನಿಂದಲ್ಲ. ಎಷ್ಟು ಸೊಪ್ಪು ಹಾಕಿದರೂ ಹಸಿರು ತತ್ತಿ ಬರುವುದಿಲ್ಲ. ಮೇವಿನಿಂದ ಬದಲಾಗುವುದು ಒಳಗಿನ ಹಳದಿ. ನಿಮ್ಮದು ಭತ್ತದ ಸೀಮೆ. ಬರೀ ನುಚ್ಚು, ತೌಡು ಹಾಕಿದರೆ ಹಳದಿ ಪೇಲವ ಆಗುತ್ತದೆ. ಮೆಕ್ಕೆಜೋಳ, ನುಗ್ಗೆ ಸೊಪ್ಪು ಸೇರಿಸಿದರೆ ಚೆಂದ ಬಣ್ಣ ಬರುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಎಮ್ಮೆಗೆ ಹಾಕಿದ ಹತ್ತಿಕಾಳು ಹಿಂಡಿಯನ್ನು ಕೋಳಿ ತಿನ್ನದ ಹಾಗೆ ನೋಡಿಕೊಳ್ಳಿ. ಒಮ್ಮೆ ನಮ್ಮವ್ವ ತತ್ತಿ ಒಡೆದಾಗ ಹಳದಿ ಭಾಗ ಕೊಳೆ ಹಸಿರು ಆಗಿತ್ತು. ರೋಗ ಅಂದುಕೊಂಡೆವು. ಕಾರಣ ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಅನ್ನುವ ವಿಷದಂಥ ಅಂಶ. ಅಂಥ ತತ್ತಿಯನ್ನು ಕೆಲವು ದಿನ ಇಟ್ಟರೆ ಬಿಳಿ ಭಾಗವೂ ಗುಲಾಬಿ ಆಗುವುದುಂಟು. ಆಮೇಲೆ ಕೋಳಿಗಳನ್ನು ಗೋದಲಿ ಹತ್ತಿರ ಬಿಟ್ಟಿಲ್ಲ.

ಈಗ ಚಿಪ್ಪಿನ ವಿಷಯ. ಕೋಳಿಯ ಹೊಟ್ಟೆಯಲ್ಲಿ ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಯಾವ ಚಿಪ್ಪಾದರೂ ಮೂಲದಲ್ಲಿ ಬಿಳಿ ಸುಣ್ಣವೇ. ಬಿಲಿವರ್ಡಿನ್ ಅನ್ನುವ ನೀಲಿ ಬಣ್ಣ ಚಿಪ್ಪು ಕಟ್ಟುತ್ತಿರುವಾಗಲೇ ಸುಣ್ಣದೊಳಗೆ ಬೆರೆಯುತ್ತದೆ. ಕಂದು ಬಣ್ಣ ಹೆಚ್ಚಾಗಿ ಕೊನೆಯಲ್ಲಿ, ಮೇಲೆ ಬಳಿದ ಹಾಗೆ ಬರುತ್ತದೆ. ಹಾಗಾಗಿ ಕಂದು ತತ್ತಿ ಒಡೆದರೆ ಚಿಪ್ಪಿನ ಒಳಗೆ ಬಿಳಿ. ನೀಲಿ ತತ್ತಿ ಒಡೆದರೆ ಒಳಗೂ ನೀಲಿ. ಹಸಿರು ಅಂದರೆ ನೀಲಿ ಚಿಪ್ಪಿನ ಮೇಲೆ ಕಂದು ಲೇಪ, ಅದರ ಒಳಗೂ ನೀಲಿಯೇ.

ಇದನ್ನು ನೆನಪಿಡಿ, ದುಡ್ಡು ಉಳಿಯುತ್ತದೆ. ಮೊದಲ ವರ್ಷ ನಾನು ಫೋಟೋ ನೋಡಿ ಆರು ಮರಿ ತರಿಸಿದೆ. ಬದುಕಿ ಬೆಳೆದ ನಾಲ್ಕೂ ಹೇಂಟೆ ಕೆನೆ ಬಣ್ಣದ ತತ್ತಿ ಇಟ್ಟವು. ಆರು ತಿಂಗಳು ಕಾದದ್ದು ನೀರುಪಾಲು. ಈಗ ಯಾರ ಹತ್ತಿರ ಕೊಳ್ಳುವುದಾದರೂ ಮೊದಲು ಒಂದು ತತ್ತಿ ಕೇಳುತ್ತೇನೆ, ಅವರೆದುರೇ ಒಡೆಯುತ್ತೇನೆ. ಬಣ್ಣ ಹಾಕಿದ ಬಿಳಿ ತತ್ತಿ ಅಲ್ಲೇ ಸಿಕ್ಕಿಬೀಳುತ್ತದೆ. ಕಡಕ್‌ನಾಥ್ ಕರಿ ತತ್ತಿ ಇಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾಂಸ ಕಪ್ಪು, ತತ್ತಿ ಕೆನೆ ಬಣ್ಣದ್ದೇ.

ನೀಲಿ ತತ್ತಿಯ ಹೆಸರಾಂತ ತಳಿ ಚಿಲಿ ದೇಶದ ಅರೌಕಾನಾ. ಅದರ ಮೂಲದಿಂದ ಅಮೆರಿಕದಲ್ಲಿ ಅಮೆರೌಕಾನಾ ಬಂತು. ನಮ್ಮಲ್ಲಿ ಹವ್ಯಾಸಕ್ಕೆ ಸಾಕುವವರ ಹತ್ತಿರ ಸಿಗುವುದು ಹೆಚ್ಚಾಗಿ ಬೆರಕೆ. ಬೆರಕೆಯಾದರೂ ಪರವಾಗಿಲ್ಲ, ಯಾಕೆಂದರೆ ನೀಲಿ ಬಣ್ಣ ತರುವ ಜೀನ್, ಅಂದರೆ ತಂದೆ ತಾಯಿಯಿಂದ ಒಂದೊಂದು ಪ್ರತಿಯಾಗಿ ಬರುವ ಗುಣದ ಅಂಶ, ಗಟ್ಟಿ. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಮಗಳ ತತ್ತಿಯಲ್ಲಿ ಕಾಣುತ್ತದೆ. ಹುಂಜದಲ್ಲಿ ಆ ಜೀನ್ ಎರಡು ಪ್ರತಿ ಇದ್ದರೆ ಹೆಣ್ಣು ಮಕ್ಕಳೆಲ್ಲ ನೀಲಿ ಅಥವಾ ಹಸಿರು ಛಾಯೆಯ ತತ್ತಿ ಇಡುತ್ತವೆ. ಒಂದೇ ಇದ್ದರೆ ಸುಮಾರು ಅರ್ಧ. ಹುಂಜ ತತ್ತಿ ಇಡುವುದಿಲ್ಲವಲ್ಲ, ಮಕ್ಕಳನ್ನು ನೋಡಿಯೇ ತಿಳಿಯಬೇಕು. ನನ್ನ ಹುಂಜದ ಎಂಟು ಹೆಣ್ಣು ಮಕ್ಕಳಲ್ಲಿ ಐದು ಹಸಿರು ಇಟ್ಟವು, ಮೂರು ಕೆನೆ. ಅದರಲ್ಲಿ ಒಂದೇ ಪ್ರತಿ ಇದೆ ಅಂತ ಆಗ ಗೊತ್ತಾಯಿತು. ಮೊದಲ ಹಸಿರು ತತ್ತಿ ಬುಟ್ಟಿಯಲ್ಲಿ ಕಂಡ ದಿನ ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಪಕ್ಕದ ಮನೆಯ ಅಮ್ಮ ಬಾತುಕೋಳಿ ತಂದೆಯಾ ಅಂತ ಕೇಳಿದರು.

ಆರು ತಿಂಗಳು ಕಾಯದೆ ಮರಿಯಲ್ಲೇ ಆರಿಸಲು ಒಂದು ದಾರಿ ಇದೆ. ಅರೌಕಾನಾ, ಅಮೆರೌಕಾನಾ ಎರಡಕ್ಕೂ ತಲೆಯ ಮೇಲೆ ಎತ್ತರದ ಗರಗಸದಂಥ ಜುಟ್ಟು ಇರುವುದಿಲ್ಲ. ತಲೆಗೆ ಅಂಟಿಕೊಂಡ ಮೂರು ಸಾಲಿನ ಗಿಡ್ಡ ಜುಟ್ಟು ಇರುತ್ತದೆ. ಆ ಜುಟ್ಟಿನ ಜೀನ್ ನೀಲಿ ಜೀನಿನ ಪಕ್ಕದಲ್ಲೇ ಇದೆ, ಎರಡೂ ಬೇರೆಯಾಗುವುದು ಅಪರೂಪ. ಗರಗಸ ಜುಟ್ಟಿನ ಜವಾರಿ ಹೇಂಟೆಗೆ ಗಿಡ್ಡ ಜುಟ್ಟಿನ, ನೀಲಿ ಜೀನ್ ಇರುವ ಹುಂಜ ಕೂಡಿಸಿದರೆ, ಗಿಡ್ಡ ಜುಟ್ಟು ಬಂದ ಮರಿಗಳನ್ನು ಉಳಿಸಿಕೊಳ್ಳಿ. ಬಹುಪಾಲು ಅವುಗಳಲ್ಲೇ ನೀಲಿ ಇರುತ್ತದೆ.

ಆದರೆ ಇಲ್ಲೇ ನಾನು ಎಡವಿದ್ದು. ನಮ್ಮ ಅಸೀಲ್, ಅಂದರೆ ಕಾಳಗದ ಕೋಳಿಗೂ ಅದೇ ಗಿಡ್ಡ ಜುಟ್ಟು. ನೀಲಿ ಮಾತ್ರ ಇಲ್ಲ. ಹಳ್ಳಿಯ ಜವಾರಿ ಕೋಳಿಗಳಲ್ಲಿ ಅಸೀಲ್ ಬೆರಕೆ ಜಾಸ್ತಿ. ನನ್ನ ಒಂದು ಹೇಂಟೆ ಹಾಗಿತ್ತು, ಅದರ ಮರಿಗಳನ್ನೆಲ್ಲ ನೀಲಿ ಅಂತ ಸಾಕಿದೆ, ಹೆಚ್ಚಿನವು ಕೆನೆ ಇಟ್ಟವು. ಅಂಥ ಹೇಂಟೆಗಳನ್ನು ಈ ಕೆಲಸಕ್ಕೆ ಸೇರಿಸಬೇಡಿ.

ಹಳೆಯ ಹುಂಜವನ್ನು ಮೊದಲು ಬೇರೆ ಮಾಡಿ. ಅದರ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಮೂರು ವಾರ ಬಿಟ್ಟು ತತ್ತಿ ಕೂಡಿಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಬೇಸಿಗೆಯಲ್ಲಿ ಕಾವಿಗೆ ಕೂರಿಸಬೇಡಿ. ರಾಯಚೂರು ಕಡೆ 42 ಡಿಗ್ರಿ ದಾಟಿದಾಗ ತತ್ತಿ ಬುಟ್ಟಿಯಲ್ಲೇ ಅರೆಬರೆ ಕಾವು ಹಿಡಿದು ಕೆಡುತ್ತದೆ. ಸೆಕೆಗೆ ಏದುಸಿರು ಬಿಡುವ ಕೋಳಿಯ ತತ್ತಿಯ ಚಿಪ್ಪೂ ತೆಳುವಾಗುತ್ತದೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿ. ವಾರಕ್ಕಿಂತ ಹಳೆಯ ತತ್ತಿ ಇಡಬೇಡಿ. 21 ದಿನಕ್ಕೆ ಮರಿ ಬರುತ್ತವೆ. ಏಳನೇ ದಿನಕ್ಕೆ ಕೊಕ್ಕರೆ ರೋಗದ (ರಾಣಿಖೇತ್) ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ಮಳೆಗಾಲ ಇದನ್ನು ಮುಂದೂಡಿ ಹದಿನಾಲ್ಕು ಮರಿ ಕಳೆದುಕೊಂಡಿದ್ದೇನೆ, ಆ ಸಂಕಟ ಇನ್ನೂ ಹೋಗಿಲ್ಲ.

ಮಾರುವ ಯೋಚನೆ ಇದ್ದರೆ, ಬಣ್ಣದ ತತ್ತಿಯಲ್ಲಿ ಪೌಷ್ಟಿಕಾಂಶ ಜಾಸ್ತಿ ಅಂತ ಹೇಳಬೇಡಿ. ಹಾಗೇನೂ ಇಲ್ಲ. ಹಿತ್ತಲಲ್ಲಿ ಓಡಾಡಿ ಹುಳ, ಸೊಪ್ಪು ತಿಂದ ಕೋಳಿಯ ತತ್ತಿ ಅಂತ ಹೇಳಿ, ಅದು ನಿಜ.

ಇವತ್ತು ಸಂಜೆ ಕೋಳಿಗಳನ್ನು ಗೂಡಿಗೆ ಹಾಕುವಾಗ ಹತ್ತೂ ಹೇಂಟೆಗಳ ಜುಟ್ಟು ನೋಡಿ. ಗರಗಸದಂಥದ್ದು ಎಷ್ಟು, ಗಿಡ್ಡದ್ದು ಎಷ್ಟು ಅಂತ ಇಲ್ಲಿ ಬರೆಯಿರಿ. ಯಾವುದನ್ನು ಹುಂಜದ ಜೊತೆ ಬಿಡಬೇಕು ಅಂತ ಆಮೇಲೆ ಕೂತು ನೋಡೋಣ.