ಆಯ್ದು ತೋರಿಸಿದ ಬದುಕು ಮತ್ತು ಕಲೆ

ಪ್ರಶ್ನೆ: ಸಾಮಾಜಿಕ ಜಾಲತಾಣದಲ್ಲಿ ಕಲ್ಪಿತ ಬದುಕೊಂದನ್ನು ನಿಜವೆಂಬಂತೆ ತೋರಿಸಿ, ಕೊನೆಗೆ ‘ಇದು ಕಲಾಕೃತಿ’ ಎನ್ನುವ ಡಿಜಿಟಲ್ ಕಲಾವಿದರಿದ್ದಾರೆ. ನಂಬಿದವರಿಗೆ ಇದು ಮೋಸವಲ್ಲವೆ? ಕಲಾವಿದರ ಖಾಸಗಿ ವ್ಯಕ್ತಿತ್ವ ಇಂಥ ಕೃತಿಗಳಲ್ಲಿ ಎಲ್ಲಿ ಕಾಣುತ್ತದೆ?

ಉತ್ತರ: ನೀವು ಹೇಳುತ್ತಿರುವ ಬಗೆಯ ಕೃತಿಗಳಲ್ಲಿ ಕಲಾವಿದೆ ಅಮಾಲಿಯಾ ಉಲ್ಮನ್ ಅವರದು ಬಹಳ ಚರ್ಚೆಗೆ ಒಳಗಾದದ್ದು. 2014ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ತಮ್ಮ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ, ಮೊದಲೇ ಹೆಣೆದಿಟ್ಟುಕೊಂಡ ಕಥೆಗೆ ತಕ್ಕಂತೆ, ಐಷಾರಾಮಕ್ಕೆ ಮರುಳಾಗಿ, ಸ್ತನದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮಾನಸಿಕವಾಗಿ ಕುಸಿದು, ಎಲ್ಲರ ಕ್ಷಮೆ ಕೇಳಿ ಚೇತರಿಸಿಕೊಳ್ಳುವ ಯುವತಿಯಾಗಿ ಕಾಣಿಸಿಕೊಂಡರು. ಎದೆಗೆ ಬ್ಯಾಂಡೇಜ್ ಸುತ್ತಿಕೊಂಡ ಸೆಲ್ಫಿಯೂ ಅಲ್ಲಿತ್ತು. ಶಸ್ತ್ರಚಿಕಿತ್ಸೆ ಮಾತ್ರ ನಡೆದಿರಲಿಲ್ಲ. 2016ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್ ಈ ಚಿತ್ರಗಳನ್ನು ಪ್ರದರ್ಶಿಸಿತು.

ಮರುಕಪಟ್ಟವರಿಗೆ ನೋವಾಗಿದ್ದರೆ ಅದು ನಿಜವಾದ ನೋವೇ, ಅದನ್ನು ತಳ್ಳಿಹಾಕಲಾರೆ. ಆದರೂ ಇದನ್ನು ಬರಿಯ ಮೋಸವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕನ್ನಡಿಯ ಮುಂದಿನ ಮುಖ, ಹೋಟೆಲಿನ ಮಂಚ, ಅಂದವಾಗಿ ಜೋಡಿಸಿದ ತಿಂಡಿಯ ತಟ್ಟೆ ಇವೆಲ್ಲ ಎಷ್ಟೋ ಜನರ ಖಾತೆಗಳಲ್ಲಿ ದಿನವೂ ಕಾಣುವಂಥವು. ಆ ಪರಿಚಯದ ಬಲದಿಂದಲೇ ಜನ ನಂಬಿದರು. ಮೊದಲೇ ‘ಇದು ಅಭಿನಯ’ ಎಂದು ತಿಳಿಸಿದ್ದರೆ ನಮ್ಮ ನಂಬಿಕೆ ಹುಟ್ಟುವ ಬಗೆ ಬಯಲಾಗುತ್ತಿರಲಿಲ್ಲ.

ಇನ್ನು ಖಾಸಗಿ ವ್ಯಕ್ತಿತ್ವದ ಮಾತು. ಉಲ್ಮನ್ ಅದನ್ನು ತೋರಿಸಲಿಲ್ಲ, ತೋರಿಸದಿದ್ದುದೇ ಸರಿ. ಒಂದು ಕಡೆ ನಗುಮುಖ, ಪಕ್ಕದಲ್ಲಿ ಅಳುಮುಖ ಇಟ್ಟು ‘ಇದು ಅಸಲಿ ನಾನು’ ಎನ್ನುವ ಕೃತಿಗಳು ನನಗೆ ದುರ್ಬಲವಾಗಿ ಕಾಣುತ್ತವೆ, ಏಕೆಂದರೆ ಆ ಎರಡನೆಯ ಚಿತ್ರವನ್ನೂ ಯಾರೋ ಬೆಳಕು ನೋಡಿ, ಹತ್ತರಲ್ಲಿ ಒಂದನ್ನು ಆರಿಸಿಯೇ ಹಾಕಿರುತ್ತಾರೆ.

ಆಯ್ಕೆಯನ್ನೇ ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಕಲಾವಿದ ಜೋಡಿ ಈವಾ ಮತ್ತು ಫ್ರಾಂಕೊ ಮಾಟೆಸ್ ಪರೀಕ್ಷಿಸಿದ್ದಾರೆ. 2000ದಿಂದ 2003ರವರೆಗೆ ಅವರು ತಮ್ಮ ಮನೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ, ಇಮೇಲ್ ಮತ್ತು ಬ್ಯಾಂಕ್ ಲೆಕ್ಕವನ್ನೂ ಸೇರಿಸಿ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟರು. ಕಡತಗಳ ರಾಶಿ ಕೈಗೆ ಸಿಕ್ಕಿತು, ಅವರ ಅಂತರಂಗ ಸಿಕ್ಕಿತೆಂದು ಹೇಳಲಾಗದು. ಅಷ್ಟೇ ಅಲ್ಲ, ಅವರಿಗೆ ಪತ್ರ ಬರೆದವರ ಮಾತುಗಳೂ ಅದರೊಂದಿಗೆ ಬಯಲಿಗೆ ಬಂದವು. ಆದ್ದರಿಂದ ನೈತಿಕತೆಯ ಪ್ರಶ್ನೆಯನ್ನು ನಾನಾದರೆ ತನ್ನ ಬಗ್ಗೆ ಕಥೆ ಕಟ್ಟಿದ ಉಲ್ಮನ್‌ ಅವರಿಗಿಂತ, ಏನನ್ನೂ ಮುಚ್ಚಿಡದ ಈ ಕೃತಿಗೇ ಹೆಚ್ಚು ಗಟ್ಟಿಯಾಗಿ ಕೇಳುತ್ತೇನೆ.