ಫ್ಲ್ಯಾಶ್ ಕ್ಯಾಮೆರಾದಿಂದ ಇಳಿಯಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೆಯ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್ ಇವೆ. 15 ಸಾವಿರ ರೂಪಾಯಿಯೊಳಗೆ ಭಾವಚಿತ್ರಕ್ಕೆ ಫ್ಲ್ಯಾಶ್ ಸೆಟ್ ಆಗಬೇಕು. ಮನೆಯಲ್ಲಿರುವ ಫಿಲಂ ಕಾಲದ ಫ್ಲ್ಯಾಶ್ ಬಳಸಬಹುದೆ?
– ಓದುಗರು, ಸಿಂಧನೂರು

ಉತ್ತರ: ಟಿಟಿಎಲ್ (ಬೆಳಕನ್ನು ಕ್ಯಾಮೆರಾವೇ ಅಳೆದು ಹೊಂದಿಸುವ ಬಗೆ) ಬಿಡಿ, ಪವರ್ ನಾವೇ ಹೊಂದಿಸುವ ಮ್ಯಾನ್ಯುಯಲ್ ಫ್ಲ್ಯಾಶ್ ಕೊಳ್ಳಿ. ಕೂತವರೂ ದೀಪವೂ ಜಾಗ ಬದಲಿಸದಿದ್ದರೆ ಪ್ರತಿ ಚಿತ್ರಕ್ಕೂ ಅದೇ ಬೆಳಕು ಸಿಗುತ್ತದೆ, ಕಲಿಯುವುದೂ ಬೇಗ. ಗೋಡಾಕ್ಸ್ ಟಿಟಿ600ರಂತೆ ರೇಡಿಯೊ ರಿಸೀವರ್ ಒಳಗೇ ಇರುವುದನ್ನು ಆರಿಸಿದರೆ, ಕ್ಯಾಮೆರಾದ ಮೇಲೆ ಕೂತು ದೂರದ ಫ್ಲ್ಯಾಶನ್ನು ಹೊಡೆಸುವ ಟ್ರಿಗರ್ ಒಂದೇ ಸಾಕು. ಜೊತೆಗೆ 2 ಮೀಟರ್ ಸ್ಟ್ಯಾಂಡ್, ಕೊಡೆ ಹಿಡಿಸುವ ಬ್ರಾಕೆಟ್, 33 ಇಂಚಿನ ಬಿಳಿ ಕೊಡೆ (ಬೆಳಕು ಬಟ್ಟೆಯನ್ನು ತೂರಿ ಬರುವಂಥದ್ದು), ನಾಲ್ಕು ನಾಲ್ಕರಂತೆ ಎರಡು ಜೊತೆ ರೀಚಾರ್ಜ್ ಆಗುವ ಎಎ ಸೆಲ್. ಎರಡನೆಯ ಫ್ಲ್ಯಾಶ್ ಈಗಲೇ ಬೇಡ. ನೆರಳಿನ ಬದಿಗೆ ಬಿಳಿ ಥರ್ಮೊಕೋಲ್ ಹಲಗೆ ಹಿಡಿದರೆ ಅದರ ಅರ್ಧ ಕೆಲಸ ಮುಗಿಯುತ್ತದೆ.

ಹಳೆಯ ಫ್ಲ್ಯಾಶನ್ನು ನೇರವಾಗಿ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಅಂಥ ಕೆಲವುಗಳ ಶೂ (ಕ್ಯಾಮೆರಾಕ್ಕೆ ಸಿಕ್ಕಿಸುವ ಬುಡ) ತುದಿಯಲ್ಲಿ 200 ವೋಲ್ಟ್‌ಗಿಂತ ಹೆಚ್ಚು ಒತ್ತಡವಿದ್ದು ಕ್ಯಾಮೆರಾದ ಸರ್ಕ್ಯೂಟ್ ಸುಡಬಹುದು. ಆನ್ ಮಾಡಿ, ಪೂರ್ತಿ ಚಾರ್ಜ್ ಆದ ಮೇಲೆ ಮಲ್ಟಿಮೀಟರ್‌ನಲ್ಲಿ ನಡುವಿನ ಪಿನ್ನಿಗೂ ಬದಿಯ ಲೋಹಕ್ಕೂ ಅಳೆಯಿರಿ. 6 ವೋಲ್ಟ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ.

ಪ್ರಶ್ನೆ: 1/500 ಸೆಕೆಂಡಿನ ಶಟರ್ ವೇಗದಲ್ಲಿ ತೆಗೆದ ಚಿತ್ರಗಳ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತಿದೆ. ಫ್ಲ್ಯಾಶ್ ಕೆಟ್ಟಿದೆಯೆ?
– ಓದುಗರು, ಬಳ್ಳಾರಿ

ಉತ್ತರ: ಇಲ್ಲ. ಶಟರ್‌ನ ಎರಡು ಪರದೆಗಳು ಒಂದರ ಹಿಂದೊಂದು ಓಡುತ್ತವೆ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200ರ ಆಸುಪಾಸಿನವರೆಗೆ ಮಾತ್ರ ಇಡೀ ಸೆನ್ಸರ್ ಒಮ್ಮೆಗೇ ತೆರೆದಿರುತ್ತದೆ. ಅದಕ್ಕಿಂತ ವೇಗದಲ್ಲಿ ಫ್ಲ್ಯಾಶ್ ಹೊಡೆಯುವಾಗ ಎರಡನೆಯ ಪರದೆ ಆಗಲೇ ಅಡ್ಡ ಬಂದಿರುತ್ತದೆ. 1/200ಕ್ಕೆ ಇಳಿಸಿ. ಟ್ರಿಗರ್ ತಡ ಮಾಡುವಂಥದ್ದಾಗಿ ಪಟ್ಟಿ ಉಳಿದರೆ 1/160.

ಪ್ರಶ್ನೆ: ಆನೆಗೊಂದಿಯ ಬಂಡೆಗಳ ಮುಂದೆ ಮಧ್ಯಾಹ್ನ ತೆಗೆದರೆ ಆಕಾಶ ಬೆಳ್ಳಗಾಗುತ್ತದೆ, ಇಲ್ಲವೆ ಮುಖ ಕಪ್ಪಾಗುತ್ತದೆ. ಕೊಡೆ ಹಾಕಿದರೂ ಬೆಳಕು ಸಾಲದು. ಗೈಡ್ ನಂಬರ್ 60 ಎಂದು ಡಬ್ಬಿಯ ಮೇಲಿದೆ!
– ಓದುಗರು, ಗಂಗಾವತಿ

ಉತ್ತರ: ಗೈಡ್ ನಂಬರ್ ಫ್ಲ್ಯಾಶಿನ ಬಲದ ಅಳತೆ. ಅದನ್ನು ಎಫ್ ಸಂಖ್ಯೆಯಿಂದ (ಲೆನ್ಸಿನ ಕಿಂಡಿಯ ಅಳತೆ) ಭಾಗಿಸಿದರೆ ಐಎಸ್‌ಒ 100ರಲ್ಲಿ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆಂದು ತಿಳಿಯುತ್ತದೆ. ಆ 60 ಫ್ಲ್ಯಾಶಿನ ತಲೆ 200 ಎಂಎಂ ಜೂಮ್‌ನಲ್ಲಿದ್ದಾಗಿನ ಲೆಕ್ಕ. ಬೆಳಕು ಅಗಲವಾಗಿ ಹರಡುವಂತೆ ಜೂಮ್ ಇಳಿಸಿದರೆ ಸಂಖ್ಯೆಯೂ ಇಳಿಯುತ್ತದೆ, 36 ಎಂದಿಟ್ಟುಕೊಳ್ಳಿ. ಕೊಡೆ ಇನ್ನೂ ಸುಮಾರು ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ನುಂಗುತ್ತದೆ. ಎರಡು ಸ್ಟಾಪ್ ಎಂದರೆ ಗೈಡ್ ನಂಬರ್ ಅರ್ಧ, ಉಳಿಯುವುದು 18. ರಣಬಿಸಿಲಿಗೆ ಐಎಸ್‌ಒ 100, 1/200, ಎಫ್/11 ಬೇಕು. 18ನ್ನು 11ರಿಂದ ಭಾಗಿಸಿ: ಪೂರ್ತಿ ಪವರ್‌ನಲ್ಲೂ ಕೊಡೆ ಮುಖದಿಂದ ಒಂದೂವರೆ ಮೀಟರ್ ಆಚೆ ಹೋಗುವಂತಿಲ್ಲ.

ಹೀಗಾಗಿ ಮಧ್ಯಾಹ್ನ ಕೊಡೆ ತೆಗೆದಿಡಿ. ಬಿಸಿಲು ವ್ಯಕ್ತಿಯ ಬೆನ್ನಿಗೆ ಬೀಳಲಿ. ಬರಿ ಫ್ಲ್ಯಾಶನ್ನು ಒಂದು ಬದಿಯಿಂದ, ತಲೆಗಿಂತ ಕೊಂಚ ಎತ್ತರದಲ್ಲಿ, 2 ಮೀಟರ್ ದೂರದಿಂದ ಅರ್ಧ ಪವರ್‌ಗೆ ಹಚ್ಚಿ ನೋಡಿ. ನೆರಳು ಗಡುಸಾಗಿ ಬರುತ್ತದೆ, ಹಿರಿಯರ ಸುಕ್ಕುಗಟ್ಟಿದ ಮುಖಕ್ಕೆ ಅದು ಒಪ್ಪುತ್ತದೆ. ಹೈಸ್ಪೀಡ್ ಸಿಂಕ್ (1/200ಕ್ಕಿಂತ ವೇಗದಲ್ಲೂ ಫ್ಲ್ಯಾಶ್ ಬಳಸುವ ವಿಧಾನ) ಇಲ್ಲಿ ಪರಿಹಾರವಲ್ಲ. ಅದು ಫ್ಲ್ಯಾಶಿನ ಶಕ್ತಿಯನ್ನೇ ಇನ್ನಷ್ಟು ಕುಗ್ಗಿಸುತ್ತದೆ.

ಮೆತ್ತನೆಯ ಬೆಳಕೇ ಬೇಕೆಂದರೆ ಸಂಜೆಯ ತನಕ ಕಾಯಿರಿ. ಮೊದಲು ಫ್ಲ್ಯಾಶ್ ಆಫ್ ಮಾಡಿ, 1/200ರಲ್ಲಿ ಆಕಾಶದ ಬಣ್ಣ ಗಾಢವಾಗುವಂತೆ ಎಫ್ ಸಂಖ್ಯೆ ಹೊಂದಿಸಿ, ಎಫ್/5.6ರ ಹತ್ತಿರ ಬಂದೀತು. ಆಮೇಲೆ ಕೊಡೆಯನ್ನು ಮುಖದಿಂದ 1 ಮೀಟರ್‌ಗೆ ತಂದು ಫ್ಲ್ಯಾಶನ್ನು 1/8 ಪವರ್‌ನಿಂದ ಶುರು ಮಾಡಿ. ಮುಖ ಹೆಚ್ಚು ಬೆಳಗಿದರೆ ಪವರ್ ಇಳಿಸಿ, ಕೊಡೆಯನ್ನು ದೂರ ಒಯ್ಯಬೇಡಿ. ದೂರ ಸರಿದ ಕೊಡೆ ಮುಖದ ಪಾಲಿಗೆ ಸಣ್ಣ ದೀಪವಾಗಿಬಿಡುತ್ತದೆ, ನೆರಳಿನ ಅಂಚು ಮತ್ತೆ ಹರಿತವಾಗುತ್ತದೆ. ಹೊಳೆಯ ದಂಡೆಯಲ್ಲಿ ಗಾಳಿಗೆ ಕೊಡೆ ಪಟದಂತೆ ಹಾರುತ್ತದೆ. ಸ್ಟ್ಯಾಂಡಿನ ಬುಡಕ್ಕೆ ಐದಾರು ಕೆಜಿ ಮರಳಿನ ಚೀಲ ಕಟ್ಟಿ, ಜೊತೆಗೊಬ್ಬರು ಹಿಡಿದಿರಲಿ.

ಪ್ರಶ್ನೆ: ಕಿನ್ನಾಳದ ಗೊಂಬೆ ಕಲಾವಿದರನ್ನು ಅವರ ಮನೆಯಲ್ಲೇ ಚಿತ್ರಿಸಬೇಕು. ಗೊಂಬೆಯ ಬಣ್ಣದ ಮೇಲೂ ಕನ್ನಡಕದ ಮೇಲೂ ಬಿಳಿ ಹೊಳಪು ಬೀಳುತ್ತದೆ, ಮುಖ ಹಸಿರುಛಾಯೆಗೆ ತಿರುಗುತ್ತದೆ.
– ಓದುಗರು, ಕೊಪ್ಪಳ

ಉತ್ತರ: ಮನೆಯ ಗೋಡೆ ಹಸಿರಾಗಿದ್ದರೆ ಆ ಛಾಯೆ ಬಂದದ್ದು ಅಲ್ಲಿಂದ. ಫ್ಲ್ಯಾಶನ್ನು ಬಣ್ಣದ ಗೋಡೆಗೆ ಹೊಡೆದು ಹಿಂದಿರುಗಿಸಬೇಡಿ, ಕೊಡೆಯನ್ನೇ ಬಳಸಿ. ಚಿಕ್ಕ ಕೋಣೆಯಲ್ಲಿ ಕೊಡೆಯ ಬೆಳಕೂ ನಾಲ್ಕೂ ಕಡೆಯಿಂದ ಪುಟಿಯುತ್ತದೆ. ಕೊಡೆಯ ಎದುರು ಬದಿಯ ಗೋಡೆಗೆ ಒಂದು ಕರಿ ಕಂಬಳಿ ಇಳಿಬಿಡಿ. ಒರಟು ಉಣ್ಣೆ ಬೆಳಕನ್ನು ಹೀರಿಕೊಳ್ಳುತ್ತದೆ, ಮುಖದ ಒಂದು ಬದಿಗೆ ಒಳ್ಳೆಯ ನೆರಳು ನಿಲ್ಲುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತವಾದ ಸಲಕರಣೆ ನಮಗೆ ತಿಳಿದಿಲ್ಲ.

ಇನ್ನು ಹೊಳಪು. ಬೆಳಕು ಬಂದ ಕೋನದಲ್ಲೇ ಪುಟಿದು ಲೆನ್ಸಿಗೆ ಸೇರುವುದರಿಂದ ಅದು ಕಾಣುತ್ತದೆ. ದೀಪವನ್ನು ಮೇಲೇರಿಸಿ, ಪಕ್ಕಕ್ಕೆ ಸರಿಸಿ. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಸ್ವಲ್ಪ ಎತ್ತಿದರೆ ಗಾಜು ಕೆಳಮುಖವಾಗಿ ಹೊಳಪು ಜಾರುತ್ತದೆ. ಗೊಂಬೆಯನ್ನೂ ಕೈಯಲ್ಲೇ ಕೊಂಚ ತಿರುಗಿಸಲು ಹೇಳಿ. ಆದರೆ ಹೊಳಪನ್ನು ಪೂರ್ತಿ ಅಳಿಸಬೇಡಿ, ಬಣ್ಣದ ನುಣುಪು ಕಾಣಲು ಅದು ಬೇಕು.

ಪ್ರಶ್ನೆ: ಮಾಮೂಲಿ ಆಲ್ಕಲೈನ್ ಸೆಲ್ ಸಾಕೆ?
– ಓದುಗರು, ರಾಯಚೂರು

ಉತ್ತರ: ನಡೆಯುತ್ತದೆ, ಆದರೆ ಅದು ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರದು, ಸ್ವಲ್ಪ ಹೊತ್ತಿನಲ್ಲೇ ಫ್ಲ್ಯಾಶ್ ಮತ್ತೆ ಚಾರ್ಜ್ ಆಗುವುದು ನಿಧಾನವಾಗುತ್ತದೆ. ರೀಚಾರ್ಜ್ ಆಗುವ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ ಕೊಳ್ಳಿ, ಹಳೆಯದು ಹೊಸದು ಬೆರೆಸಬೇಡಿ. ನಿಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಅವನ್ನು ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ. ಪೂರ್ತಿ ಪವರ್‌ನಲ್ಲಿ ಎಡೆಬಿಡದೆ ಹೊಡೆದರೆ ಫ್ಲ್ಯಾಶಿನ ತಲೆಯೂ ಕಾಯುತ್ತದೆ. ನಡುನಡುವೆ ಬಿಡುವು ಕೊಡಿ.